ದೀಪ ಹಿಡಿದ ನೈಟಿಂಗೇಲ್ ಗೊತ್ತು, ಆಫೀಸ್ ರಾಜಕೀಯ ಗೆದ್ದ ನೈಟಿಂಗೇಲ್ ಗೊತ್ತೇ?

ಮೇ 12 ಬಂತೆಂದರೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜು ಬಂದೇ ಬರುತ್ತದೆ. ಕೈಯಲ್ಲಿ ಅಲ್ಲಾವುದ್ದೀನನ ದೀಪದಂಥ ಒಂದು ದೀಪ ಹಿಡಿದ ಹೆಣ್ಣುಮಗಳು, ಕೆಳಗೆ ದಾದಿಯರ ದಿನದ ಶುಭಾಶಯ. ಜೊತೆಗೊಂದು ಲೆಕ್ಕ: ಯುದ್ಧದ ಆಸ್ಪತ್ರೆಯಲ್ಲಿ ನೂರಕ್ಕೆ 42 ಸೈನಿಕರು ಸಾಯುತ್ತಿದ್ದರು, ಫ್ಲಾರೆನ್ಸ್ ನೈಟಿಂಗೇಲ್ ಬಂದು ಹಗಲಿರುಳು ಆರೈಕೆ ಮಾಡಿದ್ದೇ ತಡ, ಸಾವು ನೂರಕ್ಕೆ 2ಕ್ಕೆ ಇಳಿಯಿತು.

ಎರಡು ಸಂಖ್ಯೆಗಳೂ ಸರಿಯಾದವೇ. ಅವುಗಳ ನಡುವಿನ ಕಥೆ ಮಾತ್ರ ತಪ್ಪು. ನೈಟಿಂಗೇಲ್ ಆ ಆಸ್ಪತ್ರೆಗೆ ಕಾಲಿಟ್ಟದ್ದು 1854ರ ನವೆಂಬರ್ 4ರಂದು. ಸಾವು ನೂರಕ್ಕೆ 42 ದಾಟಿದ್ದು 1855ರ ಫೆಬ್ರವರಿಯಲ್ಲಿ. ಅಂದರೆ ಆಕೆ ಬಂದ ಮೇಲೂ ಮೂರು ತಿಂಗಳು ಸಾವು ಏರುತ್ತಲೇ ಹೋಯಿತು. ಅದು ಇಳಿಯತೊಡಗಿದ್ದು ಬೇರೊಂದು ತಂಡ ಬಂದು ಆಸ್ಪತ್ರೆಯ ಅಡಿಯ ಚರಂಡಿ ತೆಗೆದ ಮೇಲೆ.

ಹಾಗಾದರೆ ನೈಟಿಂಗೇಲ್ ದೊಡ್ಡವರಲ್ಲವೇ? ದೊಡ್ಡವರೇ. ಆದರೆ ಫಾರ್ವರ್ಡ್ ಹೇಳುವ ಕಾರಣಕ್ಕಲ್ಲ. ಜವಾಬ್ದಾರಿ ತನ್ನದು, ಅಧಿಕಾರ ಮಾತ್ರ ಇನ್ನೊಬ್ಬರದು ಎಂಬಂಥ ಕೆಲಸದಲ್ಲಿ ಆಕೆ ಸಿಕ್ಕಿಕೊಂಡಿದ್ದರು. ಇವತ್ತು ಯಾವುದೇ ಪ್ರಾಜೆಕ್ಟ್ ಮ್ಯಾನೇಜರನ್ನು ಕೇಳಿ, ಈ ಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತು. ಡಾಕ್ಟರುಗಳು ಆಕೆಯ ಮಾತು ಕೇಳಬೇಕಿರಲಿಲ್ಲ, ಉಗ್ರಾಣದವರು ಕೇಳಬೇಕಿರಲಿಲ್ಲ, ಆಕೆಯ ಹೆಸರಿನಲ್ಲೇ ಬಂದ ಕೆಲವು ದಾದಿಯರೂ ಕೇಳುತ್ತಿರಲಿಲ್ಲ.

ಮೊದಲ ಪಾಠ ಕಲಿತದ್ದು ಒಂದು ಪುಟ್ಟ ಆಸ್ಪತ್ರೆಯಲ್ಲಿ

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ದರಿಂದ ಆ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ಆ ಕಾಲದಲ್ಲಿ ದಾದಿಯ ಕೆಲಸವೆಂದರೆ ಕುಡುಕ ಹೆಂಗಸರು ಮಾಡುವ ಕೀಳು ಚಾಕರಿ ಎಂಬ ಭಾವನೆ ಇತ್ತು. ಮಗಳು ಅದೇ ಬೇಕೆಂದು ಹಟ ಹಿಡಿದಾಗ ಮನೆಯಲ್ಲಿ ವರ್ಷಗಟ್ಟಲೆ ರಗಳೆ. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳ ತರಬೇತಿ, 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಕಾಯಿಲೆ ಬಿದ್ದ ಹೆಂಗಸರಿಗಾಗಿ ಇದ್ದ ಒಂದು ಪುಟ್ಟ ಆಸ್ಪತ್ರೆಯ ಮೇಲ್ವಿಚಾರಣೆ.

ಆ ಆಸ್ಪತ್ರೆಯನ್ನು ನಡೆಸುತ್ತಿದ್ದದ್ದು ಒಂದು ಸಮಿತಿ. ಸಮಿತಿ ಎಂದ ಮೇಲೆ ಕೇಳಬೇಕೆ! ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ ರೋಗಿಗಳಿಗೆ ಮಾತ್ರ ಪ್ರವೇಶ ಎಂದು ಸಮಿತಿ ಪಟ್ಟು ಹಿಡಿಯಿತು. ಎಲ್ಲ ಮತದವರನ್ನೂ ಸೇರಿಸಿಕೊಳ್ಳದಿದ್ದರೆ ನಾನು ಇರುವುದಿಲ್ಲ ಎಂದು ನೈಟಿಂಗೇಲ್ ಹೇಳಿ, ಗೆದ್ದರು. ರಾಜೀನಾಮೆಯ ಬೆದರಿಕೆಯನ್ನು ದಿನಾ ಬಳಸಲು ಬರುವುದಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು. ಮಿಕ್ಕ ಕೆಲಸಕ್ಕೆ ಬೇರೆ ದಾರಿ ಹುಡುಕಿಕೊಂಡರು.

ಆ ದಾರಿಯನ್ನು ತಂದೆಗೆ ಬರೆದ ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕೆಲಸಕ್ಕೆ ಸೇರುವಾಗ ಒಳಸಂಚಿನ ತಂಟೆಗೇ ಹೋಗಬಾರದು ಎಂದುಕೊಂಡಿದ್ದರಂತೆ. ಕೆಲವೇ ತಿಂಗಳಲ್ಲಿ ಎಲ್ಲ ಕೆಲಸವೂ ಆಗುತ್ತಿದ್ದದ್ದು ಅದರಿಂದಲೇ. ಒಂದು ಠರಾವು ಪಾಸಾಗಬೇಕೆಂದರೆ, ಅದನ್ನು ಯಾರ ಬಾಯಿಂದ ಹೇಳಿಸಿದರೆ ಸಭೆ ಒಪ್ಪುತ್ತದೆ ಎಂದು ಮೊದಲು ಯೋಚಿಸಿ, ಆ ಸದಸ್ಯರಿಗೆ ಖಾಸಗಿಯಾಗಿ ವಿಷಯ ತಿಳಿಸಿ, ಸಭೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಕೆಲವು ಸುಧಾರಣೆಗಳನ್ನು ಡಾಕ್ಟರುಗಳ ಬೇಡಿಕೆ ಎಂದು ಸಮಿತಿಗೆ ಹೇಳಿದರು, ಸಮಿತಿಯ ತೀರ್ಮಾನ ಎಂದು ಡಾಕ್ಟರುಗಳಿಗೆ ಹೇಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದನ್ನು ಓದಿ ನಿಮಗೆ ಮುಜುಗರವಾದರೆ ಆಶ್ಚರ್ಯವಿಲ್ಲ, ನನಗೂ ಆಯಿತು. ಅರ್ಧ ಸುಳ್ಳೇ ಅಲ್ಲವೇ ಇದು? ಆದರೆ ಆಕೆ ಇದರಿಂದ ತನಗೆಂದು ಏನನ್ನೂ ಮಾಡಿಕೊಳ್ಳಲಿಲ್ಲ. ಹೆಸರು ಬೇರೆಯವರಿಗೆ ಹೋಯಿತು, ಕೆಲಸ ಆಯಿತು.

ಸ್ಕುಟಾರಿ: ಬಾಗಿಲಲ್ಲಿ ಕಾದ 38 ದಾದಿಯರು

1854ರಲ್ಲಿ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದಾಗಿ ರಷ್ಯದ ಮೇಲೆ ಕ್ರಿಮಿಯಾದಲ್ಲಿ ಯುದ್ಧ ಹೂಡಿದ್ದವು. ಗಾಯಗೊಂಡ, ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಸ್ಕುಟಾರಿಗೆ ತರುತ್ತಿದ್ದರು. ಇವತ್ತಿನ ಇಸ್ತಾಂಬುಲ್ ನಗರದ ಏಷ್ಯಾ ದಡದ ಭಾಗ ಅದು. ತುರ್ಕಿ ಸೇನೆಯ ಒಂದು ಭಾರೀ ಬ್ಯಾರಕ್ಕೇ ಅಲ್ಲಿ ಆಸ್ಪತ್ರೆ. ಅಲ್ಲಿನ ದುರವಸ್ಥೆಯನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆ ಬಯಲಿಗೆ ಹಾಕಿತು. ದೇಶವೇ ಕೆರಳಿತು. ಯುದ್ಧ ಖಾತೆಯ ಸಚಿವರಲ್ಲೊಬ್ಬರಾದ ಸಿಡ್ನಿ ಹರ್ಬರ್ಟ್ ನೈಟಿಂಗೇಲ್‌ಗೆ ಹಳೆಯ ಪರಿಚಯ. ದಾದಿಯರ ತಂಡ ಕಟ್ಟಿಕೊಂಡು ಹೊರಡಿ ಎಂದು ಅವರು ಬರೆದ ಕಾಗದವೂ, ನಾನು ಹೋಗಲೇ ಎಂದು ಆಕೆ ಬರೆದ ಕಾಗದವೂ ಅಂಚೆಯಲ್ಲಿ ಎದುರುಬದುರಾದವು. ಒಂದು ವಾರದೊಳಗೆ 38 ಜನರ ತಂಡ ಹೊರಟೇಬಿಟ್ಟಿತು.

ಆಸ್ಪತ್ರೆಯ ಡಾಕ್ಟರುಗಳಿಗೆ ಇವರು ಬೇಕಿರಲಿಲ್ಲ. ಸೇನೆಯ ವೈದ್ಯಾಧಿಕಾರಿ ಜಾನ್ ಹಾಲ್ ಕೆಲವೇ ದಿನಗಳ ಹಿಂದೆ ಅಲ್ಲಿಗೆ ಬಂದು, ಎಲ್ಲವೂ ಸರಿಯಾಗಿದೆ ಎಂದು ಮೇಲಿನವರಿಗೆ ವರದಿ ಕಳಿಸಿದ್ದರು. ಎಲ್ಲವೂ ಸರಿಯಿರುವ ಕಡೆಗೆ ಲಂಡನ್ನಿನಿಂದ ಹೆಂಗಸರ ತಂಡ ಬಂದರೆ ಅದು ಸಹಾಯವಲ್ಲ, ತಪಾಸಣೆ. ಹೆಡ್ ಆಫೀಸಿನಿಂದ ಬಂದವರನ್ನು ಬ್ರಾಂಚಿನವರು ನೋಡುವ ಕಣ್ಣು ಎಂಥದ್ದೆಂದು ನಿಮಗೇ ಗೊತ್ತಿರಬಹುದು.

ಆಗ ನೈಟಿಂಗೇಲ್ ಮಾಡಿದ್ದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಆಕೆ ಏನೂ ಮಾಡಲಿಲ್ಲ! ಡಾಕ್ಟರು ಬಾಯಿಬಿಟ್ಟು ಕೇಳುವವರೆಗೆ ಯಾವ ದಾದಿಯೂ ಯಾವ ರೋಗಿಯನ್ನೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಕಣ್ಣೆದುರು ಸೈನಿಕರು ನರಳುತ್ತಿದ್ದರೂ ದಾದಿಯರು ಕೋಣೆಯಲ್ಲಿ ಕೂತು ಹಳೆಬಟ್ಟೆ ವಿಂಗಡಿಸಿದರು, ದಿಂಬು ಹೊಲಿದರು. ತಂಡದೊಳಗೇ ಗೊಣಗಾಟ ಎದ್ದಿತು, ನಾಯಕಿ ಕಲ್ಲೆದೆಯವರು ಅನ್ನಿಸಿತು. ಆಕೆಯ ಲೆಕ್ಕವೇ ಬೇರೆ. ಡಾಕ್ಟರುಗಳನ್ನು ಬದಿಗೊತ್ತಿ ಒಂದು ದಿನ ಸೇವೆ ಮಾಡಬಹುದು, ಎರಡನೆಯ ದಿನ ಇಡೀ ತಂಡವನ್ನು ವಾಪಸು ಹಡಗು ಹತ್ತಿಸುತ್ತಾರೆ.

ಕಾಯುವಿಕೆ ಬಹಳ ದಿನ ಬೇಕಾಗಲಿಲ್ಲ. ಅವರು ಬಂದ ಮರುದಿನವೇ ಇಂಕರ್ಮನ್ ಕದನ ನಡೆಯಿತು. ಗಾಯಾಳುಗಳು ಹಡಗುಗಟ್ಟಲೆ ಬಂದಿಳಿದರು, ಹಿಂದೆಯೇ ಭೇದಿ, ಜ್ವರ ಹಿಡಿದವರ ಸಾಲು. ಡಾಕ್ಟರುಗಳೇ ಬಂದು ಕರೆದರು.

27,000 ಅಂಗಿ ಮತ್ತು ಒಂದು ಸಹಿ

ಆಕೆಯ ಇನ್ನೊಂದು ಬಲ ಹಣ. ಟೈಮ್ಸ್ ಪತ್ರಿಕೆ ಓದುಗರಿಂದ ಸಂಗ್ರಹಿಸಿದ್ದ ನಿಧಿ, ಪರಿಚಿತರು ಕೊಟ್ಟ ದೇಣಿಗೆ, ಜೊತೆಗೆ ಸ್ವಂತ ದುಡ್ಡು. ಈ ಹಣಕ್ಕೆ ಉಗ್ರಾಣದ ಬೀಗದ ಕೈ ಬೇಕಿರಲಿಲ್ಲ. ಟವೆಲ್, ಸೋಪು, ತಟ್ಟೆ, ಚಮಚ, ನೆಲ ಉಜ್ಜುವ ಬ್ರಶ್ಶು ಎಲ್ಲವನ್ನೂ ಊರಿನ ಬಜಾರಿನಿಂದಲೇ ತರಿಸಿದರು. ಸುಟ್ಟು ಹಾಳಾಗಿದ್ದ ವಾರ್ಡುಗಳನ್ನು ರಿಪೇರಿ ಮಾಡಿಸಬೇಕಾಗಿ ಬಂತು. ಯಾರು ಮಂಜೂರು ಮಾಡಬೇಕೆಂಬ ಗೊಂದಲದ ನಡುವೆ ಕೂಲಿಗಳು ಕೆಲಸ ಬಿಟ್ಟು ಹೋದಾಗ, ಆಕೆ ತಾವೇ ಸುಮಾರು 200 ಜನರನ್ನು ಕೂಲಿಗೆ ಹಿಡಿದು ಕೆಲಸ ಮುಗಿಸಿದರು. ಆ ಖರ್ಚನ್ನು ಸರ್ಕಾರ ಆಮೇಲೆ ಭರಿಸಿಕೊಟ್ಟಿತು.

ಸರ್ಕಾರದ ಸಾಮಾನು ಇರಲೇ ಇಲ್ಲವೆಂದಲ್ಲ. ಆಕೆಯ ಒತ್ತಾಯಕ್ಕೆ ಲಂಡನ್ 27,000 ಅಂಗಿಗಳನ್ನು ಕಳಿಸಿತ್ತು. ಬಂದು ಇಳಿದದ್ದೂ ಆಯಿತು. ಆದರೆ ಗಂಟು ಬಿಚ್ಚಲು ಒಂದು ಮಂಡಳಿ ಕೂತು ಪರಿಶೀಲಿಸಿ ಸಹಿ ಹಾಕಬೇಕಂತೆ. ಅದಕ್ಕೆ ಹಿಡಿದದ್ದು ಮೂರು ವಾರ. ಅಷ್ಟು ದಿನವೂ ಸೈನಿಕರು ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಇದೇ ಹೊತ್ತಿನಲ್ಲಿ ಬೆನ್ನಿಗೆ ಇನ್ನೊಂದು ಪೆಟ್ಟು ಬಿತ್ತು. ಡಿಸೆಂಬರಿನಲ್ಲಿ ಮೇರಿ ಸ್ಟ್ಯಾನ್ಲಿ ಎಂಬ ಆಕೆಯ ಗೆಳತಿಯೇ ಇನ್ನೂ 46 ಜನರನ್ನು ಕರೆದುಕೊಂಡು ಬಂದಿಳಿದರು. ನೈಟಿಂಗೇಲ್ ಕೇಳಿರಲಿಲ್ಲ, ಹರ್ಬರ್ಟ್ ಒಂದು ಮಾತೂ ತಿಳಿಸಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಹೊಸ ತಂಡ ವರದಿ ಒಪ್ಪಿಸಬೇಕಾದದ್ದು ಡಾಕ್ಟರಿಗೆ, ಈಕೆಗಲ್ಲ. ಊಟಕ್ಕೂ ಮಲಗಲಿಕ್ಕೂ ಜಾಗವಿಲ್ಲದ ಕಡೆ 46 ಜನ! ಆಕೆ ಹರ್ಬರ್ಟ್‌ಗೆ ಬರೆದ ಕಾಗದ ಬೆಂಕಿಯಂತಿತ್ತು, ರಾಜೀನಾಮೆಯ ಮಾತೂ ಅದರಲ್ಲಿತ್ತು. ಹರ್ಬರ್ಟ್ ತಪ್ಪು ಒಪ್ಪಿಕೊಂಡರು.

ಆದರೆ ದೊಡ್ಡ ತೊಡಕು ನೇಮಕಾತಿ ಪತ್ರದಲ್ಲೇ ಇತ್ತು. ಅದರಲ್ಲಿ ಆಕೆ ತುರ್ಕಿಯಲ್ಲಿರುವ ಸೇನಾ ಆಸ್ಪತ್ರೆಗಳ ದಾದಿಯರ ಮೇಲ್ವಿಚಾರಕಿ. ಕ್ರಿಮಿಯಾ ತುರ್ಕಿಯಲ್ಲವಲ್ಲ! 1855ರ ಮೇ ತಿಂಗಳಲ್ಲಿ ಆಕೆ ಅಲ್ಲಿನ ಬಾಲಾಕ್ಲಾವಾ ಆಸ್ಪತ್ರೆ ನೋಡಲು ಹೋದಾಗ, ಜಾನ್ ಹಾಲ್ ಹಿಡಿದದ್ದು ಇದೇ ಎಳೆಯನ್ನು. ಇಲ್ಲಿ ನಿಮಗೆ ಅಧಿಕಾರವಿಲ್ಲ ಎಂಬುದು ಅವರ ವಾದ. ಅಷ್ಟರಲ್ಲಿ ಹರ್ಬರ್ಟ್ ಇದ್ದ ಸರ್ಕಾರವೂ ಬಿದ್ದುಹೋಗಿತ್ತು. ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದು ಆಕೆಯ ಪರ ಮಾತಾಡುತ್ತಿದ್ದವರು ಈಗ ಬರೀ ಹಿತೈಷಿ. ಬಾಲಾಕ್ಲಾವಾದಲ್ಲೇ ಆಕೆಗೆ ತೀವ್ರ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದರು. ಅದು ಬ್ರುಸೆಲ್ಲಾ ರೋಗಾಣುವಿನ ಸೋಂಕು ಇರಬಹುದೆಂದು ಇವತ್ತಿನ ಕೆಲವು ವೈದ್ಯರ ಊಹೆ. ಆಮೇಲಿನ ಬದುಕಿನುದ್ದಕ್ಕೂ ಆಕೆ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

ಎಲ್ಲ ಸೇನಾ ಆಸ್ಪತ್ರೆಗಳ ದಾದಿಯರಿಗೂ ನೈಟಿಂಗೇಲ್ ಅವರೇ ಮುಖ್ಯಸ್ಥೆ ಎಂಬ ಲಿಖಿತ ಆದೇಶ ಹೊರಬಿದ್ದದ್ದು 1856ರ ಮಾರ್ಚಿನಲ್ಲಿ. ಯುದ್ಧ ಮುಗಿದದ್ದೂ ಅದೇ ತಿಂಗಳು. ಹದಿನಾರು ತಿಂಗಳ ಜಗಳಕ್ಕೆ ಪೂರ್ಣವಿರಾಮ ಬಿದ್ದಾಗ ಜಗಳದ ಕಾರಣವೇ ಮುಗಿದುಹೋಗಿತ್ತು.

ಸಾವು ಇಳಿಸಿದ್ದು ಯಾರು?

ಈಗ ಆ 42 ಮತ್ತು 2ರ ವಿಷಯಕ್ಕೆ ಬರೋಣ. ಆಸ್ಪತ್ರೆಯ ಕಟ್ಟಡದ ಕೆಳಗೆ ಕಟ್ಟಿಕೊಂಡು ಕೊಳೆಯುತ್ತಿದ್ದ ಚರಂಡಿ, ಗಾಳಿಯಾಡದ ವಾರ್ಡು, ಕುರಿದೊಡ್ಡಿಯಂತೆ ತುಂಬಿದ ರೋಗಿಗಳು. 1855ರ ಮಾರ್ಚ್ ಆರಂಭದಲ್ಲಿ ಹೊಸ ಸರ್ಕಾರ ಒಂದು ನೈರ್ಮಲ್ಯ ಆಯೋಗ ಕಳಿಸಿತು. ಅದರಲ್ಲಿ ಡಾಕ್ಟರ್ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಇದ್ದರು. ಹಿಂದೆ ಬಂದಿದ್ದ ಆಯೋಗ ನೋಡಿ ವರದಿ ಬರೆದು ಹೋಗಿತ್ತು. ಇವರಿಗೆ ಮಾತ್ರ ಕೆಲಸ ಮಾಡಿಸುವ ಅಧಿಕಾರವನ್ನೂ ಕೊಡಲಾಗಿತ್ತು. ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು, ತೆಗೆಸಿದರು. ಕಸವನ್ನು ನೂರಾರು ಗಾಡಿಗಳಲ್ಲಿ ಸಾಗಿಸಿದರು. ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಬಂದಿತ್ತು. ತಮಾಷೆಯೆಂದರೆ ರೋಗಾಣುಗಳ ವಿಚಾರ ಆಗಿನ್ನೂ ರುಜುವಾತಾಗಿರಲಿಲ್ಲ. ಕೆಟ್ಟ ವಾಸನೆಯ ಗಾಳಿಯಿಂದಲೇ ರೋಗ ಬರುತ್ತದೆಂದು ನಂಬಿ ಇವರು ಚರಂಡಿ ತೆಗೆಸಿದ್ದರು. ಕಾರಣ ತಪ್ಪು, ಕೆಲಸ ಸರಿ.

ಋತು ಬದಲಾದದ್ದು, ಹೊಸ ರೋಗಿಗಳು ಕಡಿಮೆಯಾದದ್ದು, ಊಟ ಸುಧಾರಿಸಿದ್ದು ಇವೂ ನೆರವಾದವು. ದಾದಿಯರ ಆರೈಕೆ ದಂಡ ಎಂದೂ ಅಲ್ಲ. ಯಾವುದರ ಪಾಲು ಎಷ್ಟು ಎಂದು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ಒಂದಂತೂ ಖಚಿತ: ಸ್ಕುಟಾರಿಯಲ್ಲಿದ್ದಾಗ ನೈಟಿಂಗೇಲ್ ಕೂಡ ಸಾವಿಗೆ ಮುಖ್ಯ ಕಾರಣ ಹಸಿವು, ದಣಿವು, ತಡವಾಗಿ ಆಸ್ಪತ್ರೆಗೆ ತರುವುದು ಎಂದೇ ಬರೆಯುತ್ತಿದ್ದರು.

ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಲೆಕ್ಕ ಹಾಕಿದಾಗ ಚಿತ್ರ ತಿರುಗಿತು. ಯುದ್ಧಭೂಮಿಯ ಹತ್ತಿರದ ಸಣ್ಣಪುಟ್ಟ ಆಸ್ಪತ್ರೆಗಳಿಗಿಂತ ಸ್ಕುಟಾರಿಯಲ್ಲೇ ಹೆಚ್ಚು ಸಾವು. ತಾನು ದೀಪ ಹಿಡಿದು ಓಡಾಡಿದ, ಇಡೀ ದೇಶ ಕೈಮುಗಿದ ಆಸ್ಪತ್ರೆಯೇ ಸೈನಿಕರನ್ನು ಕೊಂದಿತ್ತು. ಆಗ ಆಕೆಗೆ ಏನನ್ನಿಸಿರಬೇಕು? ದೇಶ ಕೊಟ್ಟ ಕೀರ್ತಿಯನ್ನು ಇಟ್ಟುಕೊಂಡು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಕೆ ಆ ಅಂಕಿಗಳನ್ನೇ ತಮ್ಮ ವರದಿಗೆ ಹಾಕಿದರು.

ಬಣ್ಣದ ಚಿತ್ರ, ಮುಚ್ಚಿದ ವರದಿ

1856ರ ಶರತ್ಕಾಲದಲ್ಲಿ ರಾಣಿ ವಿಕ್ಟೋರಿಯಾ ಅವರನ್ನು ಕಂಡು, ಸೇನೆಯ ಆರೋಗ್ಯದ ಬಗ್ಗೆ ತನಿಖಾ ಆಯೋಗ ಬೇಕೆಂದು ಕೇಳಿದರು. ಯುದ್ಧ ಖಾತೆಯ ಹೊಸ ಸಚಿವ ಲಾರ್ಡ್ ಪ್ಯಾನ್‌ಮ್ಯೂರ್ ನವೆಂಬರಿನಲ್ಲಿ ಆಗಲಿ ಎಂದರು. ಆಮೇಲೆ ಆರು ತಿಂಗಳು ಕಡತ ಅಲುಗಲಿಲ್ಲ. ಇಲ್ಲ ಎಂದವರ ಜೊತೆ ಜಗಳವಾಡಬಹುದು, ನಗುನಗುತ್ತಾ ಆಗಲಿ ಎಂದು ಕಾಲ ತಳ್ಳುವವರನ್ನು ಏನು ಮಾಡುವುದು? ಆಕೆಯ ಕೈಯಲ್ಲಿ ಒಂದೇ ಅಸ್ತ್ರ ಇತ್ತು. ಸಚಿವರೇ ಬರೆಯಲು ಹೇಳಿದ್ದ ತನ್ನ ವರದಿಯನ್ನು ಪತ್ರಿಕೆಗಳಿಗೆ ಕೊಟ್ಟುಬಿಡುತ್ತೇನೆಂದು ಸೂಚಿಸಿದರು. 1857ರ ಮೇ ತಿಂಗಳಲ್ಲಿ ಆಯೋಗ ರಚನೆಯಾಯಿತು. ಅಧ್ಯಕ್ಷರು ಸಿಡ್ನಿ ಹರ್ಬರ್ಟ್. ಸದಸ್ಯರಲ್ಲಿ ಸದರ್ಲೆಂಡ್ ಇರುವಂತೆ ಆಕೆ ಮೊದಲೇ ನೋಡಿಕೊಂಡಿದ್ದರು. ಹೆಣ್ಣಾದ್ದರಿಂದ ಆಕೆ ಸದಸ್ಯೆಯಾಗುವಂತಿರಲಿಲ್ಲ, ಲಿಖಿತ ಉತ್ತರ ಕೊಟ್ಟರು. ಯಾವ ಸಾಕ್ಷಿಗೆ ಯಾವ ಪ್ರಶ್ನೆ ಕೇಳಬೇಕೆಂದು ಪರದೆಯ ಹಿಂದೆ ಸಿದ್ಧಪಡಿಸಿದ್ದೂ ಆಕೆಯೇ.

ಆ ಪ್ರಸಿದ್ಧ ಚಿತ್ರ ಹುಟ್ಟಿದ್ದು ಈ ಹೊತ್ತಿನಲ್ಲಿ. ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು, ಬೀಸಣಿಗೆಯಂತೆ ಸುತ್ತಲೂ ಬಿಚ್ಚಿಕೊಂಡದ್ದು. ಹೋಳಿನ ವಿಸ್ತೀರ್ಣ ಹೆಚ್ಚಿದಷ್ಟೂ ಸಾವು ಹೆಚ್ಚು. ಗಾಯದಿಂದ ಸತ್ತವರಿಗೆ ಕೆಂಪು, ತಡೆಯಬಹುದಾಗಿದ್ದ ರೋಗದಿಂದ ಸತ್ತವರಿಗೆ ನೀಲಿ, ಉಳಿದದ್ದಕ್ಕೆ ಕಪ್ಪು. ಪುಟ ತೆರೆದರೆ ಕಣ್ಣಿಗೆ ರಾಚುವುದು ನೀಲಿಯೇ. ಅಂಕಿಗಳ ಪಟ್ಟಿಯನ್ನು ಮಂತ್ರಿಗಳು ಓದುವುದಿಲ್ಲ, ಚಿತ್ರ ನೋಡುತ್ತಾರೆ ಎಂಬುದು ಆಕೆಗೆ ಅರ್ಥವಾಗಿತ್ತು. (ಪೈ ಚಾರ್ಟ್ ಕಂಡುಹಿಡಿದದ್ದು ನೈಟಿಂಗೇಲ್ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಅಲ್ಲ. ಅದು ವಿಲಿಯಂ ಪ್ಲೇಫೇರ್ 1801ರಲ್ಲಿ ಬಳಸಿದ್ದು. ಆಕೆಯ ಬೀಸಣಿಗೆ ಚಿತ್ರದಂಥವೂ ಅದಕ್ಕೆ ಮೊದಲೇ ಇದ್ದವು.) ಎಂಟುನೂರಕ್ಕೂ ಹೆಚ್ಚು ಪುಟಗಳ ತಮ್ಮ ಸ್ವಂತ ವರದಿಯನ್ನು ಆಕೆ ಮಾರಾಟಕ್ಕೆ ಬಿಡಲಿಲ್ಲ. ಖಾಸಗಿಯಾಗಿ ಅಚ್ಚು ಹಾಕಿಸಿ ಆಯ್ದವರಿಗೆ ಮಾತ್ರ ಕಳಿಸಿದರು.

ಫಲ ಸಿಕ್ಕಿತು. ಬ್ಯಾರಕ್ಕುಗಳಿಗೆ ಗಾಳಿ, ನೀರು, ಚರಂಡಿ ಬಂತು. ಸೇನಾ ವೈದ್ಯರಿಗೆ ಪ್ರತ್ಯೇಕ ಶಾಲೆ 1860ರಲ್ಲಿ ತೆರೆಯಿತು. ಅದೇ ವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ತರಬೇತಿ ಶಾಲೆ ಶುರುವಾಯಿತು. ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಹರ್ಬರ್ಟ್ ತೆತ್ತ ಬೆಲೆ

ಈ ಭಾಗವನ್ನು ಬಿಟ್ಟು ಬರೆದರೆ ನೈಟಿಂಗೇಲ್ ಕಥೆ ಮತ್ತೊಂದು ಫಾರ್ವರ್ಡ್ ಆಗುತ್ತದೆ. 1857ರಿಂದಲೇ ಆಕೆ ಹಾಸಿಗೆ ಹಿಡಿದಿದ್ದರು. ಕಾಯಿಲೆ ನಿಜವೇ, ಆದರೆ ಅದು ಒಂದು ಬಾಗಿಲೂ ಆಗಿತ್ತು. ಬೇಡದವರು ಒಳಗೆ ಬರುವಂತಿರಲಿಲ್ಲ, ಬೇಕಾದವರು ಕರೆದಾಗ ಬರಲೇಬೇಕಿತ್ತು. ಮಲಗಿದಲ್ಲಿಂದಲೇ ಕಾಗದದ ಮೇಲೆ ಕಾಗದ. ಅವುಗಳ ಭಾರವೆಲ್ಲ ಬಿದ್ದದ್ದು ಹರ್ಬರ್ಟ್ ಮೇಲೆ.

1859ರಲ್ಲಿ ಹರ್ಬರ್ಟ್ ಯುದ್ಧ ಖಾತೆಯ ಸಚಿವರಾದರು. ಆಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಈಗ ಇಡೀ ಇಲಾಖೆಯನ್ನೇ ತಿದ್ದಬೇಕು ಎಂದರು. ಇಲಾಖೆಯ ಖಾಯಂ ಅಧಿಕಾರಿ ಬೆಂಜಮಿನ್ ಹಾವ್ಸ್ ಪ್ರತಿ ಹೆಜ್ಜೆಗೂ ಅಡ್ಡ ನಿಂತರು. ಸಚಿವರು ಬರುತ್ತಾರೆ ಹೋಗುತ್ತಾರೆ, ಕಡತ ಇಟ್ಟುಕೊಂಡವರು ಅಲ್ಲೇ ಇರುತ್ತಾರೆ. ಹರ್ಬರ್ಟ್‌ಗೆ ಮೂತ್ರಪಿಂಡದ ಕಾಯಿಲೆ ಬಲಿಯುತ್ತಿತ್ತು. ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದರೂ ಆಕೆ ಒತ್ತಡ ಸಡಿಲಿಸಲಿಲ್ಲ. 1861ರ ಜೂನ್‌ನಲ್ಲಿ ಇನ್ನು ನನ್ನಿಂದಾಗದು ಎಂದು ಅವರು ಕೈಚೆಲ್ಲಿದಾಗ ಆಕೆ ತೋರಿದ್ದು ಕರುಣೆಯನ್ನಲ್ಲ, ಸಿಟ್ಟನ್ನು. ಆಗಸ್ಟ್ 2ರಂದು ಹರ್ಬರ್ಟ್ ತೀರಿಕೊಂಡರು. ಆ ದುಃಖ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ರೋಗಿಗಳ ನಾಡಿ ಅಷ್ಟು ಚೆನ್ನಾಗಿ ಬಲ್ಲವರು ಎದುರಿಗೆ ಕೂತ ಗೆಳೆಯನ ಮುಖ ಓದಲಿಲ್ಲ ಎಂಬುದು ನನಗಂತೂ ಈ ಬದುಕಿನ ಅತ್ಯಂತ ನೋವಿನ ಸಂಗತಿ.

ಕೆಲಸ ಮಾತ್ರ ನಿಲ್ಲಲಿಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು. ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಬದಲಿಗೆ ಪ್ರತಿ ದಂಡು ಪ್ರದೇಶಕ್ಕೂ ಪ್ರಶ್ನಾವಳಿ ಹೋಯಿತು: ಕುಡಿಯುವ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ? ಬಂದ ಉತ್ತರಗಳನ್ನು ಹಾಸಿಗೆಯಲ್ಲೇ ಓದಿ 1863ರ ವರದಿಗೆ ಟಿಪ್ಪಣಿ ಬರೆದರು. ಅದರಲ್ಲಿ ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಇದೆ. ದಂಡಿನ ಬಜಾರಿನ ಚರಂಡಿ ಸೇರುವುದು ಆ ಕೆರೆಗೆ, ಕುಡಿಯಲು ತರುವುದೂ ಅದೇ ಕೆರೆಯ ನೀರು ಎಂದು ಲಂಡನ್ನಿನಲ್ಲಿ ಮಲಗಿದ್ದ ಆ ಹೆಂಗಸು ಬರೆದಿಟ್ಟರು.

ಅಂದ ಹಾಗೆ, ಆ ದೀಪ. ಫಾರ್ವರ್ಡ್‌ನಲ್ಲಿರುವಂಥ ಮೂತಿ ಉದ್ದನೆಯ ಎಣ್ಣೆದೀಪ ಅದಲ್ಲ. ತುರ್ಕಿಯಲ್ಲಿ ಬಳಕೆಯಲ್ಲಿದ್ದ, ಬಟ್ಟೆ ಅಥವಾ ಕಾಗದದ ಮಡಿಕೆ ಮಡಿಕೆಯಾಗಿ ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಲಾಂದ್ರ ಅದು, ಒಳಗೊಂದು ಮೇಣದಬತ್ತಿ.

ನೈಟಿಂಗೇಲ್ 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜರು, ಕವಿಗಳು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಗೆ ಜಾಗ ಕೊಡಲು ಸರ್ಕಾರ ಮುಂದಾಯಿತು. ಮನೆಯವರು ಬೇಡವೆಂದರು. ಹ್ಯಾಂಪ್‌ಶೈರ್‌ನ ಹಳ್ಳಿಯೊಂದರ ಚರ್ಚಿನ ಅಂಗಳದಲ್ಲಿ ಮನೆಯವರ ಸಮಾಧಿಯಲ್ಲೇ ಮಣ್ಣು ಮಾಡಿದರು. ಕಲ್ಲಿನ ಮೇಲೆ ಆಕೆಯ ಪೂರ್ತಿ ಹೆಸರೂ ಇಲ್ಲ, ಎಫ್. ಎನ್. ಎಂಬ ಎರಡು ಅಕ್ಷರ ಮತ್ತು ಹುಟ್ಟಿದ, ಸತ್ತ ದಿನಾಂಕ.